ಕೆನ್ನೆಯ ಮೇಲೆ ಇಳಿದ ಹನಿ

"ಗುರುಗಳೇ, ಪಡುವಣ ರಾಜ್ಯದ ಉತ್ಸವ ನೋಡಿ ಬಂದೆ. ಗುಡ್ಡದ ತುಂಬ ಜನ ಬಣ್ಣದ ಬಟ್ಟೆ ಎತ್ತಿ ಹಿಡಿದು ದೊರೆಯ ಮುಖ ಮೂಡಿಸಿದರು. ಆ ಮುಖದಿಂದ ಕಣ್ಣೀರು ಇಳಿಯಿತು. ಪ್ರಜೆಗಳಿಗಾಗಿ ಅಳುವ ದೊರೆ ಕೆಟ್ಟವನಾಗಿರಲು ಸಾಧ್ಯವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಆ ಕಣ್ಣೀರು ಮೊದಲ ಸಲ ಇಳಿದ ದಿನದ ಕತೆ ನನಗೆ ಗೊತ್ತು. ಇದನ್ನು ನನ್ನಷ್ಟು ಸರಿಯಾಗಿ ಹೇಳಬಲ್ಲವನು ಏಳು ರಾಜ್ಯ ಹುಡುಕಿದರೂ ಸಿಗುವುದಿಲ್ಲ, ಕೇಳು.

ಒಬ್ಬ ಬಟ್ಟೆ ವ್ಯಾಪಾರಿ ಆ ರಾಜ್ಯಕ್ಕೆ ಹೋದ. ಪರದೇಶದವನೆಂದು ದೊರೆ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡ. ಎದುರಿನ ಗುಡ್ಡದ ಮೇಲೆ ಐವತ್ತು ಸಾವಿರ ಜನ. ಒಬ್ಬನನ್ನೂ ನಾನು ಹೆಚ್ಚಿಗೆ ಸೇರಿಸಿಲ್ಲ. ಮೂಗಿಗೇ ಎಂಟು ನೂರು ಜನ ಬೇಕಾಯಿತು. ನಗಾರಿ ಬಡಿದೊಡನೆ ಗುಡ್ಡಕ್ಕೆ ದೊರೆಯ ಮುಖ ಬಂತು. ಇನ್ನೊಮ್ಮೆ ಬಡಿದರೆ ಮುಖ ನಕ್ಕಿತು. ಬಟ್ಟೆ ಹಿಡಿದವರೂ ನಕ್ಕರು. ಅಷ್ಟು ಜನರಲ್ಲಿ ಒಂದು ಕೆಮ್ಮು ಕೇಳಲಿಲ್ಲ. ಆ ಗುಡ್ಡದ ಮೇಲೆ ಹಕ್ಕಿಗಳು ಹಾರುವುದನ್ನೇ ಬಿಟ್ಟಿದ್ದವು.

ಬಿಸಿಲು ನೆತ್ತಿಗೇರಿದಾಗ ಎಡಗಣ್ಣಿನ ಅಂಚಿನಲ್ಲಿ ಒಂದು ಕಪ್ಪು ಚುಕ್ಕೆ ಕಂಡಿತು. ಅದು ಮೆಲ್ಲಗೆ ಕೆನ್ನೆಯ ಮೇಲೆ ಇಳಿದು, ಗದ್ದ ದಾಟಿ, ಮಾಯವಾಯಿತು. ಮುಖ ನಗುತ್ತಲೇ ಇತ್ತು. ವ್ಯಾಪಾರಿ ಎದ್ದು ನಿಂತು ಚಪ್ಪಾಳೆ ತಟ್ಟಿದ. ಹತ್ತು ದೇಶ ಸುತ್ತಿದ್ದೇನೆ, ಬಟ್ಟೆಯಲ್ಲಿ ಕಣ್ಣೀರು ಬರಿಸಿದ್ದನ್ನು ಎಲ್ಲೂ ಕಾಣಲಿಲ್ಲ ಎಂದು ಬಾಯಿ ತುಂಬ ಹೊಗಳಿದ. ದೊರೆ ಮಂತ್ರಿಯ ಕಡೆ ತಿರುಗಿ ಒಮ್ಮೆ ತಲೆಯಾಡಿಸಿದ.

ಎಲ್ಲ ಮುಗಿದ ಮೇಲೆ ವ್ಯಾಪಾರಿ ಆ ಕೆಲಸದ ಗುಟ್ಟು ತಿಳಿಯಲು ಗುಡ್ಡದ ಬುಡಕ್ಕೆ ಹೋದ. ಅಲ್ಲಿ ಒಬ್ಬ ಹೆಂಗಸು ನಗುತ್ತ ಬಟ್ಟೆ ಮಡಿಸುತ್ತಿದ್ದಳು. ಕಣ್ಣೀರನ್ನು ಹೇಗೆ ಮಾಡಿದಿರಿ ಎಂದು ಕೇಳಿದ.

"ಅದು ನನ್ನ ಗಂಡ, ಸ್ವಾಮಿ. ಬಿಸಿಲಿಗೆ ಬಿದ್ದು ಸತ್ತ. ಮುಖ ಕೆಡಬಾರದೆಂದು ಕೈಯಿಂದ ಕೈಗೆ ಕೆಳಗಿಳಿಸಿದರು. ಅವನು ದಾಟಿದ ಕಡೆಯೆಲ್ಲ ಬಟ್ಟೆ ತಗ್ಗಿತು, ಅಷ್ಟೇ."

ಅವಳ ನಗು ಹಾಗೆಯೇ ಇತ್ತು. ನಗು ನಿಲ್ಲಿಸುವ ನಗಾರಿ ಇನ್ನೂ ಬಡಿದಿರಲಿಲ್ಲ.

"ದೊರೆಯ ಹತ್ತಿರ ಮಾತ್ರ ಇದನ್ನು ಹೊಗಳಬೇಡಿ. ಹೊಗಳಿದರೆ ವರ್ಷ ವರ್ಷವೂ ಕಣ್ಣೀರು ಬೇಕು ಅನ್ನುತ್ತಾರೆ. ಕಣ್ಣಂಚಿನ ಆ ಜಾಗ ಇನ್ನು ನನ್ನ ಮಗನದು."

ಆಗಲೇ ಹೊಗಳಿ ಬಂದಿದ್ದ ವ್ಯಾಪಾರಿ ಊರಿನ ದಾರಿ ಹಿಡಿದ.

ಕತೆ ನಿಂತಿತು. ಆ ವ್ಯಾಪಾರಿ ಮುಂದೆ ಏನಾದ ಎಂದು ಶಿಷ್ಯ ಕೇಳಿದ.

ಗುರುಗಳು ಎರಡೂ ಅಂಗೈಗಳನ್ನು ಮುಂದೆ ಚಾಚಿದರು.

"ಮೊದಲು ಚಪ್ಪಾಳೆ ತಟ್ಟಿದ ಕೈ ಇವು, ಈಗ ನಿನ್ನವನ್ನು ತೋರಿಸು."