ಅಳಿಲವ್ವನ ಸಂಜೆಯ ಚೀಟಿ

ಹೂಂಗುಟ್ಟಿ ಮಕ್ಕಳೇ, ಹೂಂಗುಟ್ಟಿ. ನೀವು ಹೂಂ ಅನ್ನದಿದ್ದರೆ ಅಳಿಲವ್ವ ಮುಂದಕ್ಕೆ ಹೋಗುವುದಿಲ್ಲ.

ಒಬ್ಬಳು ಅಳಿಲವ್ವ. ಅವಳಿಗೆ ಮೂರು ಮರಿ. ಗಾಳಿ ಬೀಸಿತು. ನುಗ್ಗೆ ಕೊಂಬೆ ಮುರಿಯಿತು. ಗೂಡು ಹೋಯಿತು. ಉಳಿದದ್ದು ಒಂದು ಹಿಡಿ ಹತ್ತಿ. ಬಂಡೆಯ ಮೇಲೆ, ಆ ಹತ್ತಿಯಲ್ಲೇ ಮರಿಗಳು ಮಲಗಿದವು.

ಬೇವಿನ ಮರದಲ್ಲಿ ಒಂದು ಪೊಟರೆ ಇತ್ತು. ಗಿಣಿ ಅದನ್ನು ಮಾರುತ್ತಿತ್ತು. ಬೆಲೆ ಒಂದು ಮೂಟೆ ಕಾಳು. ಅಷ್ಟು ಎಲ್ಲಿಂದ ತಂದಾಳು? ಸಾಲ ಕೊಡುವ ಆಮೆರಾಯರ ಹತ್ತಿರ ಹೋದಳು.

"ರಾಯರೇ, ಪೊಟರೆಗೆ ಸಾಲ ಕೊಡಿ. ತಿಂಗಳು ತಿಂಗಳು ತೀರಿಸ್ತೀನಿ."

"ಏನು ಕೆಲಸ?"

"ಬೆಳಿಗ್ಗೆ ಗಾಣದಲ್ಲಿ ಸಂಬಳಕ್ಕೆ ಕಡಲೆಕಾಯಿ ಸುಲೀತೀನಿ. ಇಗೋ ಸಂಬಳದ ಚೀಟಿ. ಸಂಜೆ ಕರೆದವರ ಮನೇಲಿ ದಿಂಬು ತುಂಬ್ತೀನಿ."

"ಸಂಜೆಯ ಚೀಟಿ?"

"ಅದಕ್ಕೆ ಯಾರೂ ಚೀಟಿ ಕೊಡಲ್ಲ. ಕಾಳು ಕೊಡ್ತಾರೆ. ಬೆಳಗಿನ ಕಾಳೂ ಕಾಳೇ, ಸಂಜೆಯ ಕಾಳೂ ಕಾಳೇ."

"ಅರ್ಧ ಸಂಪಾದನೆಗೆ ಪೂರ್ತಿ ಸಾಲ ಇಲ್ಲ. ಚೀಟಿ ತಾ," ಅಂದರು ರಾಯರು.

ಅಳಿಲವ್ವ ಮೊಲದ ಹತ್ತಿರ ಹೋದಳು.

"ಮೊಲಣ್ಣ, ನಿನ್ನ ದಿಂಬು ತುಂಬಿದವಳು ನಾನು. ಚೀಟಿ ಬರೆದುಕೊಡು. ನೀನು ಚೀಟಿ ಕೊಟ್ಟರೆ ರಾಯರು ಸಾಲ ಕೊಡ್ತಾರೆ. ರಾಯರು ಸಾಲ ಕೊಟ್ಟರೆ ಗಿಣಿ ಪೊಟರೆ ಕೊಡುತ್ತೆ. ಪೊಟರೆ ಸಿಕ್ಕರೆ ಮರಿಗಳು ಮಲಗ್ತವೆ."

"ಬರೆಯೋಕೆ ಎಲೆ ಇಲ್ಲವಲ್ಲ. ಎಲೆ ತಾ," ಅಂದ ಮೊಲಣ್ಣ.

ಅಳಿಲವ್ವ ಮುತ್ತುಗದ ಮರದ ಹತ್ತಿರ ಹೋದಳು.

"ಮುತ್ತುಗದಮ್ಮ, ಎಲೆ ಕೊಡು. ನೀನು ಎಲೆ ಕೊಟ್ಟರೆ ಮೊಲಣ್ಣ ಚೀಟಿ ಕೊಡ್ತಾನೆ. ಮೊಲಣ್ಣ ಚೀಟಿ ಕೊಟ್ಟರೆ ರಾಯರು ಸಾಲ ಕೊಡ್ತಾರೆ. ರಾಯರು ಸಾಲ ಕೊಟ್ಟರೆ ಗಿಣಿ ಪೊಟರೆ ಕೊಡುತ್ತೆ. ಪೊಟರೆ ಸಿಕ್ಕರೆ ಮರಿಗಳು ಮಲಗ್ತವೆ."

"ಬೇರು ಒಣಗಿದೆ ಮಗಳೇ. ನೀರು ತಾ," ಅಂದಳು ಮುತ್ತುಗದಮ್ಮ.

ಅಳಿಲವ್ವ ಬಾವಿ ಕಾಯುವ ಕಪ್ಪೆಯ ಹತ್ತಿರ ಹೋದಳು.

"ಕಪ್ಪೆಯಜ್ಜಿ, ನೀರು ಕೊಡು. ನೀನು ನೀರು ಕೊಟ್ಟರೆ ಮುತ್ತುಗದಮ್ಮ ಎಲೆ ಕೊಡ್ತಾಳೆ. ಮುತ್ತುಗದಮ್ಮ ಎಲೆ ಕೊಟ್ಟರೆ ಮೊಲಣ್ಣ ಚೀಟಿ ಕೊಡ್ತಾನೆ. ಮೊಲಣ್ಣ ಚೀಟಿ ಕೊಟ್ಟರೆ ರಾಯರು ಸಾಲ ಕೊಡ್ತಾರೆ. ರಾಯರು ಸಾಲ ಕೊಟ್ಟರೆ ಗಿಣಿ ಪೊಟರೆ ಕೊಡುತ್ತೆ. ಪೊಟರೆ ಸಿಕ್ಕರೆ ಮರಿಗಳು ಮಲಗ್ತವೆ."

"ವಯಸ್ಸಾಯಿತು ಕಣೇ. ಕಲ್ಲಿನ ಮೇಲೆ ತಲೆ ಇಟ್ಟರೆ ಕತ್ತು ನೋವು. ಒಂದು ದಿಂಬು ತುಂಬಿಕೊಡು," ಅಂದಳು ಕಪ್ಪೆಯಜ್ಜಿ.

ದಿಂಬು ತುಂಬಲು ಹತ್ತಿ ಬೇಕು. ಬೂರುಗದ ಕಾಯಿ ಇನ್ನೂ ಒಡೆದಿಲ್ಲ. ಇದ್ದದ್ದು ಮರಿಗಳ ಕೆಳಗಿನ ಒಂದು ಹಿಡಿ. ಅಳಿಲವ್ವ ಬಂಡೆಯ ಹತ್ತಿರ ಬಂದಳು. ಆಮೇಲೆ ಒಂದು ಮರಿ ಎತ್ತಿದಳು. ಎರಡನೆಯದು ಎತ್ತಿದಳು. ಮೂರನೆಯದು ಎತ್ತಿದಳು. ಬರೀ ಬಂಡೆಯ ಮೇಲೆ ಇಟ್ಟಳು. ಅಳುತ್ತಾ ದಿಂಬು ತುಂಬಿದಳು.

ಕಪ್ಪೆಯಜ್ಜಿ ನೀರು ಕೊಟ್ಟಳು. ಮುತ್ತುಗದಮ್ಮ ಎಲೆ ಕೊಟ್ಟಳು. ಮೊಲಣ್ಣ ಚೀಟಿ ಕೊಟ್ಟ. ಆಮೆರಾಯರು ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡಿದರು.

"ನಿಜವಮ್ಮ. ಬೆಳಗಿನ ಕಾಳೂ ಕಾಳೇ, ಸಂಜೆಯ ಕಾಳೂ ಕಾಳೇ."

ರಾಯರು ಸಾಲ ಕೊಟ್ಟರು. ಗಿಣಿ ಪೊಟರೆ ಕೊಟ್ಟಿತು. ಒಳಗೆ ಹಾಸಲು ಏನೂ ಇಲ್ಲ, ಬರೀ ಗಟ್ಟಿ ಮರ. ಮರಿಗಳು ಮುದುಡಿಕೊಂಡವು.

ಮರದ ಕೆಳಗೆ ಯಾರೋ ಕುಪ್ಪಳಿಸಿದ ಸದ್ದು. ಕಪ್ಪೆಯಜ್ಜಿ. ತಲೆಯ ಮೇಲೆ ಅದೇ ದಿಂಬು.

"ಇದರಲ್ಲಿ ಮರಿಗಳ ವಾಸನೆ ಇದೆಯಲ್ಲೇ. ನನಗೆ ನಿದ್ದೆ ಬರಲಿಲ್ಲ. ತಗೋ."

ಮೂರು ಮರಿಗಳು ಮಲಗಿವೆ. ಈಗ ಮೆಲ್ಲಗೆ ಹೂಂ ಅನ್ನಿ.