ಚೆನ್ನಾಗಿ ಬೀಳುವವನು

"ಗುರುಗಳೇ, ಜೀವ ಉಳಿಸಿಕೊಳ್ಳಲೆಂದು ಪಿಸ್ತೂಲು ಇಟ್ಟುಕೊಂಡವನು ಮೊದಲು ಏನನ್ನು ಕಲಿಯಬೇಕು? ಗುರಿಯನ್ನೋ, ವೇಗವನ್ನೋ?" ಎಂದು ಶಿಷ್ಯನು ಕೇಳಿದನು. ಲೈಸೆನ್ಸು ಅವನ ಕೈಸೇರಿ ವಾರವೂ ಆಗಿರಲಿಲ್ಲ.

ಗುರುಗಳು ಈ ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಬೆಳ್ಳಿ ವ್ಯಾಪಾರಿಯಿದ್ದನು. ಪಕ್ಕದ ಬೀದಿಯ ಅಂಗಡಿಯವನನ್ನು ಕಳ್ಳರು ಕೊಂದ ಮೇಲೆ ಅವನಿಗೆ ಊಟ ಸೇರದಾಯಿತು. ಪಿಸ್ತೂಲು ಕೊಂಡನು. ಕೊಂಡರೆ ಸಾಕೇ, ಅಭ್ಯಾಸ ಬೇಡವೇ? ನಾಟಕ ಕಂಪನಿ ಮುಚ್ಚಿ ಕೆಲಸವಿಲ್ಲದೆ ಕುಳಿತಿದ್ದ ಒಬ್ಬ ನಟನನ್ನು ಗೊತ್ತುಮಾಡಿದನು. ದಿನವೂ ಸಂಜೆ, ಯಾವ ಗಳಿಗೆಯೆಂದು ಹೇಳದೆ, ನಟ ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಅಂಗಡಿಗೆ ನುಗ್ಗಬೇಕು. ವ್ಯಾಪಾರಿ ಗುಂಡಿಲ್ಲದ ಪಿಸ್ತೂಲು ಎತ್ತಿ ಟ್ರಿಗರ್ ಒತ್ತಬೇಕು. ನಟ ಬೀಳಬೇಕು.

ಸಾಯುವ ಪಾತ್ರಗಳಲ್ಲಿ ಆ ನಟ ನಿಸ್ಸೀಮ. ಅವನು ಬಿದ್ದುದನ್ನು ನೋಡಿದರೆ ಮೈ ಜುಮ್ಮೆನ್ನುತ್ತಿತ್ತು. ಕಣ್ಣು ಅರೆತೆರೆದೇ ಇರುತ್ತಿತ್ತು, ಎದೆ ಏರಿಳಿಯುತ್ತಿರಲಿಲ್ಲ. "ಏಳಪ್ಪ, ಚೆನ್ನಾಗಿ ಬಿದ್ದೆ" ಎಂದು ವ್ಯಾಪಾರಿ ಹೇಳಿದ ಮೇಲೆಯೇ ಏಳುತ್ತಿದ್ದನು.

ಒಮ್ಮೆ ನಟ ಹೇಳಿದನು: "ಸಾಕು ಮಾಡೋಣ ಯಜಮಾನ್ರೇ. ಮನೆಗೆ ಹೋದ್ರೆ ಮಗಳು ಹತ್ರ ಬರಲ್ಲ. ನಿನ್ನ ಮೈ ತಣ್ಣಗಿದೆ ಅಂತಾಳೆ."

"ಇನ್ನು ಸ್ವಲ್ಪ ದಿನ ಕಣಯ್ಯಾ. ಕೈ ಈಗೀಗ ಪಳಗ್ತಾ ಇದೆ" ಎಂದನು ವ್ಯಾಪಾರಿ.

ಕೈ ಪಳಗಿತು. ಹೊಸ್ತಿಲಲ್ಲಿ ನೆರಳಾಡಿದರೆ ಸಾಕು, ಅವನು ತಲೆಯೆತ್ತುವ ಮೊದಲೇ ಕೈ ಎದ್ದಿರುತ್ತಿತ್ತು. ತನ್ನ ಕೈಯನ್ನು ಕಂಡು ಒಮ್ಮೊಮ್ಮೆ ಅವನಿಗೇ ಹೆದರಿಕೆಯಾಗುತ್ತಿತ್ತು. ಆದರೂ ನಾಲ್ಕು ಜನರ ಮುಂದೆ ಹೇಳಿಕೊಂಡು ಬೀಗುತ್ತಿದ್ದನು.

ಒಂದು ದಿನ ಪೇಟೆಯಲ್ಲಿ ಮತ್ತೆ ಕಳ್ಳರ ಸುದ್ದಿ ಹಬ್ಬಿತು. ವ್ಯಾಪಾರಿ ಮಧ್ಯಾಹ್ನವೇ ಪಿಸ್ತೂಲಿಗೆ ಗುಂಡು ತುಂಬಿದನು. ಇವತ್ತು ಬರಬೇಡವೆಂದು ನಟನಿಗೆ ಹೇಳಿಕಳುಹಿಸಬೇಕು ಎಂದುಕೊಂಡವನು ಗಿರಾಕಿಗಳ ಗಲಾಟೆಯಲ್ಲಿ ಮರೆತನು. ದೀಪ ಹಚ್ಚುವ ಹೊತ್ತಿಗೆ, ಮುಖಕ್ಕೆ ಬಟ್ಟೆ ಕಟ್ಟಿಕೊಂಡ ಒಬ್ಬನು ಒಳಗೆ ಬಂದನು. ಕೈ ಎದ್ದಿತು. ಸದ್ದಾಯಿತು. ಬಂದವನು ಬಿದ್ದನು.

"ಏಳಪ್ಪ, ಚೆನ್ನಾಗಿ ಬಿದ್ದೆ." ರೂಢಿಯಂತೆ ವ್ಯಾಪಾರಿಯ ಬಾಯಿಂದ ಮಾತು ಹೊರಟಿತು.

ಬಿದ್ದವನು ಏಳಲಿಲ್ಲ. ಸುಟ್ಟ ಮದ್ದಿನ ವಾಸನೆ ಮೂಗಿಗೆ ಬಡಿದಾಗ ಗುಂಡು ತುಂಬಿದ್ದು ನೆನಪಾಯಿತು. ಅಯ್ಯೋ, ನಟನನ್ನೇ ಕೊಂದೆನಲ್ಲಾ ಎಂದು ವ್ಯಾಪಾರಿಯ ಜೀವ ಬಾಯಿಗೆ ಬಂತು. ಮೊಣಕಾಲೂರಿ, "ಏಳು, ಏಳಪ್ಪ" ಎಂದು ಆ ಮೈಯನ್ನು ಅಲುಗಿಸತೊಡಗಿದನು.

ಆಗ ಬಾಗಿಲಿನಿಂದ ನಟನ ದನಿ ಕೇಳಿಸಿತು: "ತಡ ಆಯ್ತು ಯಜಮಾನ್ರೇ. ಶುರು ಮಾಡೋಣ್ವಾ?"

ಆ ದನಿಯ ಕಡೆಗೆ, ಪಿಸ್ತೂಲು ಹಿಡಿದೇ ಇದ್ದ ವ್ಯಾಪಾರಿಯ ಕೈ ಆಗಲೇ ಎದ್ದಿತ್ತು. ಎಡಗೈಯಿಂದ ಅದನ್ನು ಹಿಡಿದು ನೆಲಕ್ಕೆ ಒತ್ತಿ, ಅವನು ಗಟ್ಟಿಯಾಗಿ ಅತ್ತನು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಬಿದ್ದವನು ಯಾರು ಗುರುಗಳೇ? ಕಳ್ಳನೇ ತಾನೇ?" ಎಂದು ಕೇಳಿದನು.

"ವ್ಯಾಪಾರಿಯೂ ಅದನ್ನು ಗುಂಡು ಹಾರಿದ ಮೇಲೆಯೇ ಕೇಳಿದನು" ಎಂದರು ಗುರುಗಳು.