ಪಂಕ್ತಿಯ ಎಂಟನೆಯ ಎಲೆ

ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದೆಂದರೆ, ನೀರಿಗೆ ಯಾವ ಕಡೆ ಹರಿಯಬೇಕೆಂದು ಗೊತ್ತಿರಲಿಲ್ಲ. ಬೆಂಕಿಗೆ ತಾನು ಬಿಸಿ ಎಂಬುದು ಗೊತ್ತಿರಲಿಲ್ಲ. ಬೆಟ್ಟಗಳು ಕೂರುವುದೋ ನಿಲ್ಲುವುದೋ ಎಂದು ಯೋಚನೆ ಮಾಡುತ್ತಿದ್ದವು. ದೂರು ಕೊಡಲು ಒಂದು ಕಚೇರಿಯೂ ಇರಲಿಲ್ಲವಾದ್ದರಿಂದ ಎಲ್ಲರೂ ಸಂತೋಷವಾಗಿದ್ದರು.

ಆಗ ಸೂರ್ಯ ಗ್ರಹಗಳನ್ನೆಲ್ಲ ಊಟಕ್ಕೆ ಕರೆದ.

ಗ್ರಹಗಳು ಆಗ ಬರಿಯ ಉಂಡೆಗಳು. ಬಣ್ಣವಿಲ್ಲ, ಬಿಸಿಯಿಲ್ಲ, ಗಾಳಿಯಿಲ್ಲ, ಜೊತೆಗೊಬ್ಬ ಚಂದ್ರನೂ ಇಲ್ಲ. ಎಲ್ಲವೂ ಆ ಊಟದಲ್ಲೇ ಸಿಗಬೇಕು. ಎಲೆಗೆ ಬಿದ್ದದ್ದು ಎಂದೆಂದಿಗೂ ನಿಮ್ಮದು. ಬೀಳದ್ದು ಎಂದೆಂದಿಗೂ ಇಲ್ಲ. ಹಾಗಾಗಿ ಯಾರೂ ತಡಮಾಡಲಿಲ್ಲ. ಸೂರ್ಯ ಕರೆಯುವ ಮೊದಲೇ ಗುರು ಬಂದು ಕೂತಿದ್ದನಂತೆ.

ಉದ್ದಕ್ಕೆ ಒಂದೇ ಪಂಕ್ತಿ. ತಲೆಯಲ್ಲಿ ಯಜಮಾನ ಸೂರ್ಯ. ಅವನ ಪಕ್ಕ ಬುಧ, ಆಮೇಲೆ ಶುಕ್ರ, ಭೂಮಿ, ಮಂಗಳ, ಗುರು, ಶನಿ. ಶನಿಯ ಆಚೆ ಕತ್ತಲು. ಆ ಕತ್ತಲಲ್ಲಿ ಏಳನೆಯವನು. ಅವನಿಂದಲೂ ಆಚೆ, ಇನ್ನೂ ದೊಡ್ಡ ಕತ್ತಲಲ್ಲಿ, ಎಂಟನೆಯವನು. ಸೂರ್ಯನಿಂದ ಭೂಮಿಗೆ ಎಷ್ಟು ದೂರವೋ ಅಷ್ಟನ್ನು ಮೂವತ್ತು ಸಲ ಅಳೆದರೆ ಅವನ ಎಲೆ ಸಿಗುತ್ತಿತ್ತು. ಶಾಲೆಯ ಪುಸ್ತಕಗಳು ಇವರಿಬ್ಬರನ್ನು ಯುರೇನಸ್, ನೆಪ್ಚೂನ್ ಎಂದು ಕರೆದದ್ದು ಬಹಳ ಆಮೇಲೆ. ಆಗ ಅವರಿಗೆ ಹೆಸರಿರಲಿಲ್ಲ, ಹಸಿವು ಮಾತ್ರ ಇತ್ತು.

ಪಂಕ್ತಿಗೆ ಪಂಕ್ತಿಯ ಪದ್ಧತಿ ಇತ್ತು. ಯಜಮಾನ ಏಳುವವರೆಗೆ ಯಾರೂ ಏಳುವಂತಿಲ್ಲ. ಅವನು ಅಂಗೈಯಲ್ಲಿ ನೀರು ತೆಗೆದುಕೊಂಡು, ಕುಡಿದು, ಎದ್ದುಬಿಟ್ಟರೆ ಊಟ ಮುಗಿಯಿತು. ಎಲ್ಲರೂ ಏಳಬೇಕು, ಎಲೆಗಳನ್ನು ತೆಗೆಯಬೇಕು. ಇನ್ನೊಂದು ಮಾತು: ತನಗೆ ಬೇಕೆಂದು ಯಾರೂ ಬಾಯಿಬಿಟ್ಟು ಕೇಳುವಂತಿಲ್ಲ. ಪಕ್ಕದವರಿಗೆ ಬಡಿಸಿ ಎಂದು ಹೇಳಬಹುದು. ಹಾಗೆಂದು ಪಕ್ಕದವರಿಗೆ ನಿಮ್ಮ ಎಲೆಯಿಂದ ತೆಗೆದುಕೊಡುವ ಹಾಗಿಲ್ಲ, ಅದು ಎಂಜಲು.

ಬಡಿಸಲು ನಿಂತವನು ಬಾಲಚುಕ್ಕಿ. ಹೆಗಲ ಮೇಲೊಂದು ಉದ್ದನೆಯ ಬಿಳಿ ವಸ್ತ್ರ. ಅವನು ಓಡಿದರೆ ಅದು ಹಿಂದೆ ಹಾರುತ್ತಿತ್ತು. ಅವನು ನಡೆದದ್ದನ್ನು ಕಂಡವರೇ ಇಲ್ಲ.

ಮೊದಲು ಬಿಸಿ ಬಂತು. ಬುಧ ಬಕೆಟ್ಟಿನ ಬಾಯಿಗೇ ಎಲೆ ಹಿಡಿದು ಮುಖ ಸುಟ್ಟುಕೊಂಡ. ಶುಕ್ರ ಎಷ್ಟು ಹಾಕಿಸಿಕೊಂಡನೆಂದರೆ, ಎಲೆಯಿಂದ ಎದ್ದ ಹಬೆಯಲ್ಲಿ ಅವನೇ ಕಾಣದಾದ. ಭೂಮಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಹಾಕಿಸಿಕೊಂಡು, "ನನಗೆ ಕಮ್ಮಿ ಬಿತ್ತು" ಎಂದಳು. ಮಂಗಳ ಬೇರೇನನ್ನೂ ಮುಟ್ಟದೆ ಉಪ್ಪಿನಕಾಯಿಯನ್ನೇ ನೆಕ್ಕುತ್ತ ಕೂತ. ಅವನು ಇವತ್ತಿಗೂ ಕೆಂಪಗಿರುವುದು ಅದಕ್ಕೆ.

ಆಮೇಲೆ ಚಂದ್ರರು ಬಂದರು, ಉಂಡೆ ಉಂಡೆಯಾಗಿ, ಬಿಳಿ ಬಿಳಿಯಾಗಿ.

"ಗುರುರಾಯರೇ, ಇನ್ನೊಂದು?" ಎಂದ ಬಾಲಚುಕ್ಕಿ.

"ನೀನು ಇಷ್ಟು ಒತ್ತಾಯ ಮಾಡ್ತೀಯ ಅಂದ್ರೆ ಹಾಕು."

ಬಾಲಚುಕ್ಕಿ ಒತ್ತಾಯವನ್ನೇನೂ ಮಾಡಿರಲಿಲ್ಲ. ಆದರೂ ಹಾಕಿದ. ಗುರುವಿನ ಎಲೆಯ ಸುತ್ತ ಚಂದ್ರರ ಗುಡ್ಡೆಯೇ ಆಯಿತು. ಶನಿ ಅದನ್ನು ನೋಡಿ, ಸಿಕ್ಕಿದ ಕೋಡುಬಳೆಗಳನ್ನೆಲ್ಲ ಸೊಂಟಕ್ಕೆ ಸಿಕ್ಕಿಸಿಕೊಂಡು ಭದ್ರವಾಗಿ ಕೂತ. ಆಮೇಲೆ ಅವನು ಅವನ್ನು ಬಿಚ್ಚಲೇ ಇಲ್ಲ.

ಏಳನೆಯವನ ಹತ್ತಿರ ಬರುವ ಹೊತ್ತಿಗೆ ಪ್ರತಿಸಲವೂ ಪಾತ್ರೆಯ ತಳ ಕಾಣುತ್ತಿತ್ತು. ಬಾಲಚುಕ್ಕಿ ಉಳಿದದ್ದನ್ನು ಅವನ ಎಲೆಗೆ ಹಾಕಿ, ತಲೆಯೆತ್ತಿ ಮುಂದೆ ನೋಡುತ್ತಿದ್ದ. ಮುಂದೆ ಕತ್ತಲು. ಕತ್ತಲಿದ್ದ ಕಡೆ ಎಲೆ ಇರುವುದಿಲ್ಲ ಎಂದು ಅವನು ತೀರ್ಮಾನಿಸಿದ್ದ. ಹಿಂದಿರುಗಿ ಓಡುತ್ತಿದ್ದ. ಬಿಸಿ ಬಡಿಸಿದಾಗಲೂ ಹಾಗೇ ಆಯಿತು. ಬಣ್ಣ ಬಡಿಸಿದಾಗಲೂ ಹಾಗೇ ಆಯಿತು. ಚಂದ್ರರನ್ನು ಬಡಿಸಿದಾಗಲೂ ಹಾಗೇ ಆಯಿತು.

ಏಳನೆಯವನು ಒಂದು ತುತ್ತು ಬಾಯಿಗಿಡುತ್ತ ಪಕ್ಕಕ್ಕೆ ತಿರುಗಿದ.

"ಏನಪ್ಪಾ, ಅಷ್ಟು ಬೇಗ ತಿಂದುಬಿಟ್ಟೆಯಾ? ಎಲೆ ಖಾಲಿ ಇದೆ!"

"ಇಲ್ಲಣ್ಣ," ಎಂದ ಎಂಟನೆಯವನು, "ನನಗಿನ್ನೂ ಬಡಿಸಿಲ್ಲ. ಬರ್ತಾರೆ."

"ಯಾವಾಗಿನಿಂದ ಕಾಯ್ತಾ ಇದ್ದೀಯ?"

"ಮೊದಲಿನಿಂದ. ಬರ್ತಾರೆ ಬಿಡಿ ಅಣ್ಣ. ದೂರ ಅಲ್ವಾ."

ಏಳನೆಯವನು ಊಟ ನಿಲ್ಲಿಸಿ ತಲೆಯೆತ್ತಿ ನೋಡಿದ. ಪಂಕ್ತಿಯ ಆ ತುದಿಯಲ್ಲಿ ಬಾಲಚುಕ್ಕಿ ಕೊನೆಯ ಕೊಡ ಹೊತ್ತು ಬರುತ್ತಿದ್ದ. ಅದರಲ್ಲಿದ್ದದ್ದು ಗಾಳಿ. ಊಟದ ಕೊನೆಗೆ ಮಜ್ಜಿಗೆ ಬರುವ ಹಾಗೆ ಆ ಊಟದ ಕೊನೆಗೆ ಗಾಳಿ ಬರುತ್ತಿತ್ತು. ಗಾಳಿ ಬಂತೆಂದರೆ ಯಜಮಾನ ನೀರಿಗೆ ಕೈ ಹಾಕುವುದೊಂದೇ ಬಾಕಿ. ಅವನು ಎದ್ದರೆ ಮುಗಿಯಿತು. ಎಂಟನೆಯವನು ಬಣ್ಣವಿಲ್ಲದ, ಗಾಳಿಯಿಲ್ಲದ, ಚಂದ್ರನಿಲ್ಲದ ಉಂಡೆಯಾಗಿ ಕತ್ತಲಲ್ಲೇ ಇರಬೇಕು. ಅಲ್ಲೊಬ್ಬ ಇದ್ದಾನೆ ಎಂಬುದೂ ಯಾರಿಗೂ ಗೊತ್ತಾಗುವುದಿಲ್ಲ.

"ಇಲ್ಲಿ ಪಕ್ಕದವರಿಗೆ ಬಡಿಸೀ!" ಎಂದು ಏಳನೆಯವನು ಕೂಗಿದ.

ಶನಿ ಕೋಡುಬಳೆ ಕಡಿಯುತ್ತಿದ್ದ. ಗುರು ತೇಗುತ್ತಿದ್ದ. ಗುರುವಿನ ಒಂದು ತೇಗು ಸಾಧಾರಣ ಬಿರುಗಾಳಿಯಷ್ಟಿತ್ತು. ಏಳನೆಯವನ ಕೂಗು ಅವರಿಬ್ಬರನ್ನು ದಾಟಲಿಲ್ಲ.

"ಪಕ್ಕದವರಿಗೆ ಬಡಿಸೀ! ಎಂಟನೇ ಎಲೆಗೆ ಬಡಿಸೀ!"

ಕಟುಂ, ಕಟುಂ ಎಂದಿತು ಕೋಡುಬಳೆ.

ಇನ್ನು ಕೂಗಿ ಫಲವಿಲ್ಲ ಎಂದು ಏಳನೆಯವನಿಗೆ ಗೊತ್ತಾಯಿತು. ಕಿವಿಗೆ ಮುಟ್ಟದಿದ್ದರೆ ಕಣ್ಣಿಗೆ ಮುಟ್ಟಬೇಕು. ಅವನು ಎರಡು ಕೈ ಊರಿದ, ಪಂಕ್ತಿಯ ನಡುವೆಯೇ ಎಂಟನೆಯವನ ಕಡೆಗೆ ವಾಲಿದ, ಇನ್ನೂ ವಾಲಿದ, ದೊಪ್ಪೆಂದು ಪೂರ್ತಿ ಮಲಗಿಯೇ ಬಿಟ್ಟ!

ಅವನ ಎಲೆಯಲ್ಲಿದ್ದ ಬಿಸಿಯೆಲ್ಲ ಚೆಲ್ಲಿತು.

"ಅಯ್ಯೋ ಅಣ್ಣ, ನಿಮ್ಮ ಬಿಸಿ!" ಎಂದ ಎಂಟನೆಯವನು.

"ಇರಲಿ ಬಿಡು. ಅವರು ಈ ಕಡೆ ನೋಡ್ತಾರಾ ಹೇಳು."

ನೋಡಿದರು. ಪಂಕ್ತಿಯಲ್ಲಿ ಒಬ್ಬ ಅಡ್ಡಬಿದ್ದರೆ ಯಾರಿಗೆ ತಾನೆ ಕಾಣುವುದಿಲ್ಲ? ಭೂಮಿಯೇ ಮೊದಲು ನೋಡಿದಳು.

"ನೋಡ್ರೋ, ನೋಡ್ರೋ!" ಎಂದು ನಕ್ಕಳು. "ಏಳನೆಯವನಿಗೆ ಊಟಕ್ಕೆ ಕೂರೋದೂ ಬರಲ್ಲ! ತಿಂದು ತಿಂದು ಹೊಟ್ಟೆಭಾರಕ್ಕೆ ಬಿದ್ದುಹೋಗಿದ್ದಾನೆ!"

ಮಂಗಳ ನಕ್ಕ. ಶುಕ್ರ ಹಬೆಯೊಳಗಿಂದಲೇ ನಕ್ಕ. ಹೊಟ್ಟೆಭಾರದ ವಿಷಯದಲ್ಲಿ ಗುರು ಎಲ್ಲರಿಗಿಂತ ಜೋರಾಗಿ ನಕ್ಕ.

"ನೆಟ್ಟಗೆ ಕೂತ್ಕೋ!" ಎಂದು ಸೂರ್ಯ ಗದರಿದ. ಏಳನೆಯವನು ಅಲ್ಲಾಡಲಿಲ್ಲ. "ಸರಿ, ಅವನ ಹಣೆಬರಹ," ಎಂದು ಸೂರ್ಯ ನೀರಿನ ಚೊಂಬಿಗೆ ಕೈ ಚಾಚಿದ.

ಭೂಮಿಯ ಮೇಲೆ ಆಗ ಒಂದು ಹೊಳೆ ಇತ್ತು. ಇನ್ನೂ ಹೆಸರಿಟ್ಟಿರಲಿಲ್ಲ. ಹೊಳೆಯ ದಡದಲ್ಲಿ ಜೊಂಡು. ಜೊಂಡಿನ ಹತ್ತಿರ ಒಂದು ಕೊಕ್ಕರೆ ಒಂಟಿಕಾಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿತ್ತು. ಲೋಕದಲ್ಲಿ ನಗದೆ ಉಳಿದಿದ್ದದ್ದು ಅದೊಂದೇ.

"ಕೊಕ್ಕರೆಯಕ್ಕ, ನಿನಗೆ ನಗು ಬರಲಿಲ್ವಾ?" ಎಂದಿತು ಹೊಳೆ.

"ಅವನು ಬಿದ್ದದ್ದಲ್ಲ ಕಣೆ, ವಾಲಿದ್ದು," ಎಂದಿತು ಕೊಕ್ಕರೆ. "ಬೀಳುವವರು ಎಲ್ಲಿ ಬೇಕಾದರೂ ಬೀಳ್ತಾರೆ. ಇವನು ನೋಡು, ನೋಡಿಕೊಂಡು ಒಂದೇ ಕಡೆ ವಾಲಿದ್ದಾನೆ."

"ಅದರಲ್ಲೇನಿದೆ?"

"ಈ ಜೊಂಡು ಅಲ್ಲಾಡ್ತಾ ಇದೆಯಲ್ಲ, ನೀನು ಅಲ್ಲಾಡಿಸಿದೆಯಾ?"

"ಇಲ್ಲಪ್ಪ, ನಾನು ಸುಮ್ಮನಿದ್ದೀನಿ."

"ನಾನೂ ಅಲ್ಲ," ಎಂದಿತು ಆಗಷ್ಟೇ ಬಡಿಸಿದ್ದ ಗಾಳಿ. "ನಾನಿನ್ನೂ ಎಲೆ ಮೇಲೆ ಸರಿಯಾಗಿ ಕೂತೇ ಇಲ್ಲ."

"ಹಾಗಾದರೆ ಅಡಿಯಲ್ಲಿ ಮೀನಿದೆ," ಎಂದಿತು ಕೊಕ್ಕರೆ. ಕೊಕ್ಕು ಹಾಕಿ, ಮೀನನ್ನು ತೆಗೆದು, ನುಂಗಿತು. "ನಾನು ಯಾವ ಮೀನನ್ನೂ ಮೊದಲು ನೋಡೋದಿಲ್ಲ. ಜೊಂಡು ಯಾವ ಕಡೆ ವಾಲುತ್ತೆ ಅಂತ ನೋಡ್ತೀನಿ. ಏಳನೆಯವನು ಕತ್ತಲ ಕಡೆ ವಾಲಿದ್ದಾನೆ ಅಂದರೆ ಕತ್ತಲಲ್ಲಿ ಯಾರೋ ಇದ್ದಾರೆ!"

ಹೊಳೆ ಗಕ್ಕನೆ ನಿಂತಿತು. ಗಾಳಿ ಸುಯ್ಯೆಂದು ಎದ್ದಿತು.

"ಭೂಮಕ್ಕಾ! ಭೂಮಕ್ಕಾ! ನಗೋದು ನಿಲ್ಲಿಸು! ಅಲ್ಲಿ ಎಂಟನೇ ಎಲೆ ಇದೆ!"

ಭೂಮಿ ಕಣ್ಣು ಕಿರಿದು ಮಾಡಿ ಪಂಕ್ತಿಯ ತುದಿಗೆ ನೋಡಿದಳು. ಏನೂ ಕಾಣಲಿಲ್ಲ. ಆದರೆ ಮಲಗಿದ್ದ ಏಳನೆಯವನ ಕೈ ಆ ಏನೂ ಕಾಣದ ಕಡೆಗೇ ಚಾಚಿಕೊಂಡಿತ್ತು. ಅವಳ ನಗು ಅಲ್ಲೇ ಒಣಗಿತು.

ಸೂರ್ಯನ ಅಂಗೈಯಲ್ಲಿ ಆಗಲೇ ನೀರಿತ್ತು.

"ತಡೀರಿ ಯಜಮಾನರೇ! ಕುಡೀಬೇಡಿ! ಏಳಬೇಡಿ!" ಎಂದು ಭೂಮಿ ಕೂಗಿದಳು.

"ಊಟದ ಹೊತ್ತಲ್ಲಿ ಕಿರುಚಬಾರದು," ಎಂದ ಶುಕ್ರ.

"ನೀನು ಸುಮ್ಮನಿರೋ ಹಬೆಗುಂಡ! ಯಜಮಾನರೇ, ಪಕ್ಕದವರಿಗೆ ಬಡಿಸಿಲ್ಲ!"

"ನಿನ್ನ ಪಕ್ಕದಲ್ಲಿ ಇರೋದು ಮಂಗಳ," ಎಂದ ಸೂರ್ಯ. "ಅವನಿಗೆ ಎರಡು ಸಲ ಉಪ್ಪಿನಕಾಯಿ ಆಗಿದೆ." ಅಂಗೈ ತುಟಿಯ ಹತ್ತಿರ ಬಂತು.

"ನನ್ನ ಪಕ್ಕ ಅಲ್ಲ! ಅವನ ಪಕ್ಕ! ಕೊನೆಯವನ ಪಕ್ಕ! ಕೊನೆಯವನು ಕೊನೆಯವನಲ್ಲ!"

ಅಂಗೈ ನಿಂತಿತು. ಸೂರ್ಯ ಕತ್ತೆತ್ತಿ ನೋಡಿದ. ಅವನು ನೋಡಿದನೆಂದರೆ ಆ ಕಡೆ ಬೆಳಕು ಬಿತ್ತು ಎಂದೇ ಲೆಕ್ಕ. ಮಂಗಳನನ್ನು ದಾಟಿ, ಗುರುವನ್ನು ದಾಟಿ, ಶನಿಯನ್ನು ದಾಟಿ, ಮಲಗಿದ್ದ ಏಳನೆಯವನನ್ನು ದಾಟಿ, ತೆಳುವಾಗಿ, ತೆಳುವಾಗಿ ಆ ಬೆಳಕು ಹೋಗಿ ಮುಟ್ಟಿತು. ಅಲ್ಲೊಬ್ಬ ಕೂತಿದ್ದ! ನೆಟ್ಟಗೆ, ಚಕ್ಕಳಮಕ್ಕಳ ಹಾಕಿಕೊಂಡು, ಖಾಲಿ ಎಲೆಯ ಮುಂದೆ, ಬೆಳಗಿನಿಂದ!

ಪಂಕ್ತಿಯೆಲ್ಲ ಹೋ ಎಂದಿತು. ಸೂರ್ಯ ಅಂಗೈಯ ನೀರನ್ನು ನೆಲಕ್ಕೆ ಬಿಟ್ಟ.

"ಬಾಲಚುಕ್ಕೀ! ಏನಿದೆಯೋ ತಗೊಂಡು ಓಡು!"

ಏನೂ ಇರಲಿಲ್ಲ. ಬಿಸಿಯ ಬಕೆಟ್ಟಿನಲ್ಲಿ ಎರಡು ಹನಿ. ಬಣ್ಣದ ಪಾತ್ರೆಯ ತಳದಲ್ಲಿ ಗಟ್ಟಿ ನೀಲಿ. ಚಂದ್ರರ ಬುಟ್ಟಿಯಲ್ಲಿ ಸರಿಯಾದದ್ದು ಒಂದೇ, ಉಳಿದದ್ದೆಲ್ಲ ಪುಡಿ. ಗಾಳಿ ಮಾತ್ರ ಕೊಡದ ತುಂಬ ಇತ್ತು. ಎಲ್ಲರೂ ಸಾಕು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದಿದ್ದರು. ಬಾಲಚುಕ್ಕಿ ಎಲ್ಲವನ್ನೂ ಬಾಚಿಕೊಂಡು ಓಡಿದ. ಅವನ ವಸ್ತ್ರ ಹಿಂದೆ ಹಾರುತ್ತ ಹಾರುತ್ತ ಉದ್ದವಾಯಿತು. ಎರಡು ಹನಿ ಬಿಸಿ ಹಾಕಿದ. ಕೆರೆದು ಕೆರೆದು ನೀಲಿ ಹಾಕಿದ. ಕೊಡವನ್ನು ಬೋರಲು ಹಾಕಿ ಗಾಳಿಯನ್ನೆಲ್ಲ ಸುರಿದ. ಆತುರದಲ್ಲಿ ಚಂದ್ರನನ್ನು ಹಿಂದುಮುಂದಾಗಿ ಇಟ್ಟ. ಆ ಚಂದ್ರ ಇವತ್ತಿಗೂ ಎಂಟನೆಯವನು ತಿರುಗುವ ಕಡೆ ತಿರುಗದೆ ಉಲ್ಟಾ ಸುತ್ತುತ್ತಾನೆ. ಆ ಗಾಳಿಯಷ್ಟು ಜೋರಾಗಿ ಬೀಸುವ ಗಾಳಿ ಗ್ರಹಗಳಲ್ಲಿ ಬೇರೆಲ್ಲೂ ಇಲ್ಲ.

ಬೆಳಗಿನಿಂದ ಹಸಿದಿದ್ದವನು ಎಲೆಯನ್ನು ನೋಡಿದ. ಅವನ ಮೈಯೆಲ್ಲ ನೀಲಿಯಾಗುತ್ತಿತ್ತು, ಗಾಢ ನೀಲಿ. ಆಮೇಲೆ ಪಾತ್ರೆಗೆ ಇನ್ನೂ ಒಂದಿಷ್ಟು ನೀಲಿ ಅಂಟಿಕೊಂಡಿರುವುದನ್ನು ನೋಡಿ ಬಾಯಿಬಿಟ್ಟ.

"ಅಣ್ಣಾ, ಪಕ್ಕದವರಿಗೆ ಬಡಿಸಿ. ಅವರದ್ದು ಚೆಲ್ಲಿಹೋಗಿದೆ."

ಬಾಲಚುಕ್ಕಿ ಪಾತ್ರೆಗೆ ನೀರು ಬಿಟ್ಟು, ತೊಳೆದು, ಆ ತಿಳಿಯನ್ನು ಏಳನೆಯವನ ಮೇಲೆ ಹಾಕಿದ. ಏಳನೆಯವನು ತಿಳಿನೀಲಿಯಾದ. ಚೆಲ್ಲಿದ ಬಿಸಿಯನ್ನು ತುಂಬಲು ಮಾತ್ರ ಏನೂ ಉಳಿದಿರಲಿಲ್ಲ. ಸೂರ್ಯನಿಗೆ ಎಂಟನೆಯವನಿಗಿಂತ ಹತ್ತಿರವಿದ್ದರೂ ಅವನ ಒಡಲು ಇವತ್ತಿಗೂ ಹೆಚ್ಚು ತಣ್ಣಗಿರುವುದು ಅದಕ್ಕೆ.

"ಅವನು ಉಂಡು ಮುಗಿಸುವವರೆಗೆ ಯಾರೂ ಏಳಕೂಡದು," ಎಂದ ಸೂರ್ಯ. "ನಾನೂ ಏಳುವುದಿಲ್ಲ."

ಎಂಟನೆಯವನು ನಿಧಾನವಾಗಿ ಉಂಡ. ಅಷ್ಟು ಹೊತ್ತು ಕಾದು ಸಿಕ್ಕಿದ ಊಟವನ್ನು ಯಾರೂ ಗಬಗಬನೆ ತಿನ್ನುವುದಿಲ್ಲ. ಉಳಿದವರಿಗೆ ಕಾಲು ಜೋಮು ಹಿಡಿಯಿತು. ಮನೆಗೆ ಹೋಗುವ ಹಾಗಿಲ್ಲ, ಕೂರಲು ಆಗುವುದಿಲ್ಲ. ಹಾಗಾಗಿ ಅವರು ಯಜಮಾನನ ಅಪ್ಪಣೆ ಕೇಳಿ, ಅವನಿಂದ ಅವರವರ ದೂರ ಬಿಡದೆ, ಅವನ ಸುತ್ತ ಅಡ್ಡಾಡಲು ಶುರುಮಾಡಿದರು. ಎಂಟನೆಯವನೂ ಎಲೆಯನ್ನು ಕೈಯಲ್ಲಿ ಹಿಡಿದು ಉಣ್ಣುತ್ತ ಹೊರಟ. ಒಂದು ಸುತ್ತಿಗೆ ನೂರ ಅರವತ್ತೈದು ವರ್ಷ.

"ಇನ್ನಾದರೂ ಏಳಪ್ಪಾ," ಎಂದು ಎಲ್ಲರೂ ಏಳನೆಯವನಿಗೆ ಹೇಳಿದರು. "ಅವನು ಇರೋದು ಎಲ್ಲರಿಗೂ ಗೊತ್ತಾಯ್ತಲ್ಲ."

"ಇನ್ನೊಂದು ಸಲ ಮರೆತುಬಿಟ್ಟರೆ?" ಎಂದ ಅವನು. ವ್ಯವಸ್ಥೆಯ ಮೇಲೆ ಅವನಿಗೆ ಅಷ್ಟೊಂದು ನಂಬಿಕೆ ಬರಲಿಲ್ಲ. ಉರುಳುಸೇವೆ ಮಾಡುವವರ ಹಾಗೆ ಮಲಗಿಕೊಂಡೇ ಹೊರಟ.

ಅವನ ಅನುಮಾನ ಸರಿಯಾಗಿತ್ತು. ಭೂಮಿಯ ಮೇಲೆ ಮನುಷ್ಯರು ಹುಟ್ಟಿದರು, ಎಂಟನೆಯವನನ್ನು ಅವರು ಮರೆಯುವುದಿರಲಿ, ಇದ್ದಾನೆಂದೇ ತಿಳಿಯಲಿಲ್ಲ. ಬರಿಗಣ್ಣಿಗೆ ಅವನು ಕಾಣುವುದಿಲ್ಲ. ಬಹಳ ಕಾಲ ಕಳೆದು ದೂರದರ್ಶಕ ಬಂದ ಮೇಲೆ ಲೆಕ್ಕ ಗೊತ್ತಿದ್ದ ಕೆಲವರು ಏಳನೆಯವನ ನಡಿಗೆಯನ್ನು ನೋಡಿ ತಲೆ ಕೆರೆದುಕೊಂಡರು. "ಇವನು ದಾರಿ ಬಿಟ್ಟು ಸ್ವಲ್ಪ ಆಚೆಗೆ ಯಾಕೆ ಜಗ್ಗುತ್ತಾನೆ?" ಕಾಗದದ ಮೇಲೆ ಕಾಗದ ಬರೆದರು. "ಅಲ್ಲಿ ಯಾರೋ ಇರಲೇಬೇಕು!" ಲೆಕ್ಕ ತೋರಿಸಿದ ಜಾಗಕ್ಕೆ ದೂರದರ್ಶಕ ತಿರುಗಿಸಿದರು. ಒಂದೇ ರಾತ್ರಿಯಲ್ಲಿ ಸಿಕ್ಕಿಬಿಟ್ಟ, ನೀಲಿ ಚುಕ್ಕಿಯಾಗಿ! ಮನುಷ್ಯರು ಕುಣಿದಾಡಿದರು. ಇಂಥ ಉಪಾಯ ಲೋಕದಲ್ಲಿ ಮೊದಲ ಸಲ ಹೊಳೆದದ್ದು ತಮಗೇ ಎಂದು ಬರೆದುಕೊಂಡರು. ಕೊಕ್ಕರೆಗಳು ಜೊಂಡು ಯಾವ ಕಡೆ ವಾಲುತ್ತದೆಂದು ನೋಡುತ್ತ ನಿಂತಿದ್ದವು.

ಭೂಮಿಗೆ ಮಾತ್ರ ತಾನು ಅವತ್ತು ನಕ್ಕದ್ದು ಮನಸ್ಸಿನಿಂದ ಹೋಗಲೇ ಇಲ್ಲ. ಸೂರ್ಯನ ಕಡೆಗೇ ಮುಖಮಾಡಿ ಕೂತರೆ ಬೆಚ್ಚಗಿರುತ್ತದೆ, ನಿಜ. ಆದರೂ ದಿನಕ್ಕೊಂದು ಸಲ ಅವಳು ಆ ಬೆಚ್ಚಗಿನದ್ದಕ್ಕೆ ಬೆನ್ನು ತಿರುಗಿಸಿ, ಪಂಕ್ತಿಯ ಕೊನೆಯವರೆಗೂ ಕಣ್ಣಾಡಿಸುತ್ತಾಳೆ. ಪುಟ್ಟಾ, ಸಂಜೆ ನಿನ್ನ ಮನೆಯ ಅಂಗಳದಲ್ಲಿ ಬೆಳಕು ಇಳಿದು ಆಕಾಶ ಕಪ್ಪಾಗುವುದನ್ನು ನೀನು ನೋಡುತ್ತೀಯಲ್ಲ, ಅದು ಭೂಮಿ ಆ ಕಡೆ ತಿರುಗಿ, ಕತ್ತಲಲ್ಲಿ ಯಾರಾದರೂ ಖಾಲಿ ಎಲೆಯ ಮುಂದೆ ಕೂತಿದ್ದಾರೆಯೇ ಎಂದು ನೋಡುವ ಹೊತ್ತು.